ಅಮ್ಮನ ಜೊತೆ ಮಾತು ನಿಂತಾಗ: ಫೋಟೋ, ಕವಿತೆ ಮತ್ತು ಅಟ್ಟದ ಮೇಲಿನ ಪಾತ್ರೆಗಳು

ಪ್ರಶ್ನೆ: ನನಗೆ 32 ವರ್ಷ. ಊರು ತಿಪಟೂರಿನ ಹತ್ತಿರ, ಕೆಲಸ ಪುಣೆಯಲ್ಲಿ. ಮದುವೆ ಬೇಡ ಅಂದಾಗಿನಿಂದ ಅಮ್ಮನ ಜೊತೆ ಸರಿಯಾಗಿ ಮಾತಿಲ್ಲ. ಅದಕ್ಕೆ ಮೊದಲೂ ಅಷ್ಟಕ್ಕಷ್ಟೇ. ಫೋನಿನಲ್ಲಿ 'ಊಟ ಆಯ್ತಾ', 'ಆಯ್ತು', ಅಲ್ಲಿಗೆ ಮುಗಿಯಿತು. ಹೋದ ಸಲ ಊರಿಗೆ ಹೋದಾಗ ಮೊಬೈಲಿನಲ್ಲಿ ಮನೆಯ ಕೆಲವು ಫೋಟೋ ತೆಗೆದೆ, ವಾಪಸ್ ಬಂದ ಮೇಲೆ ಕೆಲವು ಕವಿತೆ ಬರೆದೆ. ಎರಡನ್ನೂ ಕಳಿಸಿದ್ದೇನೆ. ಸೇರಿಸಿ ಏನಾದರೂ ಮಾಡಬೇಕು ಅನ್ನಿಸುತ್ತಿದೆ. ಆದರೆ ಹೆತ್ತವಳ ಮೇಲೆ ದೂರು ಬರೆದ ಹಾಗೆ ಆಗುತ್ತಾ? ಮುಂದೆ ಹೇಗೆ ಹೋಗಲಿ? ಅಮ್ಮನಿಗೆ ತೋರಿಸಬೇಕಾ?

ಉತ್ತರ: ಮೊದಲು ನಿಮ್ಮ ಪಾತ್ರೆಯ ಫೋಟೋ ಬಗ್ಗೆ ಹೇಳಿಬಿಡುತ್ತೇನೆ. ಅಟ್ಟದ ಮೇಲೆ ಗೋಣಿಚೀಲದಿಂದ ಅರ್ಧ ಹೊರಗೆ ಬಂದಿರುವ ಸ್ಟೀಲ್ ಕೊಳಗ, ಅದರ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ನಿಮ್ಮ ಹೆಸರು, ಪಕ್ಕದಲ್ಲಿ ಇಸವಿ, ಹಿಂದೆ ಕೊಬ್ಬರಿಗೆ ಅಂತ ಹರಡಿದ ತೆಂಗಿನಕಾಯಿಗಳು. 'ನನ್ನ ಮದುವೆಗೆ ಅಮ್ಮ ಕೂಡಿಟ್ಟದ್ದು' ಅಂತ ಒಂದೇ ಸಾಲು ಬರೆದಿದ್ದೀರಿ. ನಮ್ಮಲ್ಲಿ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸಿಕೊಂಡು ಬರುತ್ತೇವಲ್ವಾ, ಯಾರು ಕೊಟ್ಟಿದ್ದು, ಯಾರಿಗೆ, ಯಾವಾಗ, ಎಲ್ಲ ಅದರ ಮೈಮೇಲೇ ಇರುತ್ತದೆ. ನಿಮ್ಮಿಬ್ಬರ ಜಗಳ ಪೂರ್ತಿ ಆ ಫೋಟೋದಲ್ಲಿದೆ. ಅಮ್ಮನ ಆಸೆ ಇದೆ. ಮನೆಖರ್ಚಿನಲ್ಲಿ ಅವರು ಮಿಗಿಸಿದ ದುಡ್ಡಿದೆ. ನೀವು ಬೇಡ ಅಂದದ್ದೂ ಇದೆ. ನೋಡುವವರಿಗೆ ಇಬ್ಬರಲ್ಲಿ ಯಾರ ಕಡೆ ನಿಲ್ಲಬೇಕು ಅಂತ ತೋಚುವುದಿಲ್ಲ, ಅಲ್ಲೇ ನಿಂತುಬಿಡುತ್ತಾರೆ. ನಾನೂ ನಿಂತೆ.

ಈಗ ನಿಮ್ಮ ಮೊದಲ ಕವಿತೆ. 'ಅಮ್ಮಾ, ನನ್ನ ರೆಕ್ಕೆ ಕತ್ತರಿಸಿದೆ, ಪಂಜರದ ಬಾಗಿಲು ಹಾಕಿದೆ.' ಇದನ್ನು ಬಿಟ್ಟುಬಿಡಿ. ಸಿಟ್ಟು ತಪ್ಪು ಅಂತ ಹೇಳುತ್ತಿಲ್ಲ. ಈ ಸಾಲನ್ನು ಯಾವ ಮಗಳು ಬೇಕಾದರೂ ಯಾವ ಅಮ್ಮನಿಗೆ ಬೇಕಾದರೂ ಬರೆಯಬಹುದು, ನಿಮ್ಮ ಅಮ್ಮ ಇದರಲ್ಲಿ ಎಲ್ಲೂ ಕಾಣುವುದಿಲ್ಲ. ಅದೇ ನೋಟ್‌ಬುಕ್ಕಿನ ಕೊನೆಯಲ್ಲಿ, ಕವಿತೆ ಅಂತ ನೀವೇ ಲೆಕ್ಕಕ್ಕೆ ಹಿಡಿಯದ ಮೂರು ಸಾಲು ಇವೆ ನೋಡಿ:

ಮಾತು ಮುಗಿಯಿತು. ಅಮ್ಮ ಫೋನ್ ಕಟ್ ಮಾಡೋದು ಮರೆತಳು.
ಕುಕ್ಕರ್ ಒಂದು ಸಲ ಕೂಗಿತು. ಎರಡು ಸಲ ಕೂಗಿತು.
ಮೂರನೆಯದರ ತನಕ ನಾನೂ ಕಟ್ ಮಾಡಲಿಲ್ಲ.

ನಿಮ್ಮ ಕೆಲಸ ಇಲ್ಲಿಂದ ಶುರುವಾಗುತ್ತದೆ. ಮಾತು ಮುಗಿದ ಮೇಲೂ ಮಗಳು ಫೋನ್ ಹಿಡಿದುಕೊಂಡು ತವರಿನ ಅಡುಗೆಮನೆ ಕೇಳಿಸಿಕೊಳ್ಳುತ್ತಿದ್ದಾಳೆ. ಪ್ರೀತಿ ಇದೆ ಅಂತ ಹೇಳಬೇಕಾಗಿಲ್ಲ, ಮುನಿಸಿದೆ ಅಂತಲೂ ಹೇಳಬೇಕಾಗಿಲ್ಲ.

ದೂರು ಆಗುತ್ತಾ ಅಂತ ಕೇಳಿದ್ದೀರಿ. ಈ ಭಯ ನಿಮ್ಮೊಬ್ಬರದಲ್ಲ. ಅಮ್ಮ ಅಂದರೆ ದೇವರು ಅಂತ ಕೇಳಿಕೊಂಡೇ ನಾವೆಲ್ಲ ಬೆಳೆದದ್ದು. ಗರತಿಯ ಹಾಡುಗಳಲ್ಲಿ ತವರಿನ ಹಂಬಲ ತುಂಬಿ ತುಳುಕುತ್ತದೆ, ಅತ್ತೆಯ ಮೇಲಿನ ಸಿಟ್ಟಿಗೂ ಅಲ್ಲಿ ಜಾಗ ಇದೆ, ಆದರೆ ಹೆತ್ತವಳ ಜೊತೆಗಿನ ಮುನಿಸಿಗೆ ಮಾತ್ರ ಜಾಗ ತೀರಾ ಕಡಿಮೆ. ಹಾಗಾಗಿ ಮಗಳು ಬರೆಯಲು ಕೂತರೆ ಒಂದೋ ಪೂಜೆ ಆಗುತ್ತದೆ, ಇಲ್ಲಾ ಒಂದೇ ಸಲಕ್ಕೆ ಸ್ಫೋಟ. ನಡುವೆ ದೊಡ್ಡ ಜಾಗ ಖಾಲಿ ಬಿದ್ದಿದೆ. ದೂರು ಹೇಳುವವರಿಗೆ ತೀರ್ಪು ಬೇಕಿರುತ್ತದೆ. ನಿಮಗೆ ಬೇಕಿರುವುದು ತೀರ್ಪು ಅಂತ ನನಗೆ ಅನ್ನಿಸಲಿಲ್ಲ.

ಈ ಜಾಗದಲ್ಲಿ ಕೆಲಸ ಮಾಡಿದ ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಜಪಾನಿನ ಇಶಿಯುಚಿ ಮಿಯಾಕೊ, ಹುಟ್ಟಿದ್ದು 1947ರಲ್ಲಿ. ಅವರಿಗೂ ಅಮ್ಮನಿಗೂ ಸರಿ ಬರುತ್ತಿರಲಿಲ್ಲ. ಆದರೆ ಫೋಟೋಗ್ರಾಫರ್ ಆಗಿ ಅವರು ಇಟ್ಟುಕೊಂಡ ಹೆಸರೇ ಅಮ್ಮನ ಮದುವೆಗೆ ಮುಂಚಿನ ಹೆಸರು! ಅಮ್ಮನ ಕೊನೆಗಾಲದಲ್ಲಿ ಅವರ ಮೈಮೇಲಿನ ಸುಟ್ಟ ಗಾಯದ ಕಲೆಗಳನ್ನು ಹತ್ತಿರದಿಂದ ತೆಗೆಯಲು ಶುರು ಮಾಡಿದರು. ಮಾತಾಡಲು ಬಾರದ ಇಬ್ಬರು ಹೆಂಗಸರು, ನಡುವೆ ಒಂದು ಕ್ಯಾಮೆರಾ. ಅಷ್ಟರಲ್ಲಿ, 2000ದಲ್ಲಿ, ಅಮ್ಮ ತೀರಿಕೊಂಡರು.

ಮನೆಯಲ್ಲಿ ಉಳಿದದ್ದು ಅಮ್ಮನ ಸಾಮಾನು. ಬಳಸಿ ಅರ್ಧ ಸವೆದ ಲಿಪ್‌ಸ್ಟಿಕ್, ಕೂದಲು ಸಿಕ್ಕಿಕೊಂಡ ಬ್ರಷ್, ಹಲ್ಲಿನ ಸೆಟ್, ಚಪ್ಪಲಿ, ಒಳ ಉಡುಪು. ಬಿಸಾಡಲು ಮನಸ್ಸಿಲ್ಲ, ಇಟ್ಟುಕೊಂಡು ಮಾಡುವುದೇನು ಅಂತಲೂ ಗೊತ್ತಿಲ್ಲ. ಒಂದೊಂದನ್ನೇ ಫೋಟೋ ತೆಗೆದರು. ಒಳಲಂಗದಂಥ ತೆಳು ಬಟ್ಟೆಗಳನ್ನು ಕಿಟಕಿಯ ಗಾಜಿಗೆ ಹಿಡಿದು ಹಿಂದಿನಿಂದ ಬೆಳಕು ಹಾಯುವ ಹಾಗೆ ತೆಗೆದರು, ನೋಡಿದರೆ ಒಳಗೆ ಇನ್ನೂ ಒಂದು ಮೈ ಇದೆ ಅನ್ನಿಸುತ್ತದೆ. ಅಲ್ಲಿಯವರೆಗೆ ಅವರು ಹೆಸರು ಮಾಡಿದ್ದು ಕಪ್ಪು ಬಿಳುಪಿನಲ್ಲಿ. ಲಿಪ್‌ಸ್ಟಿಕ್‌ಗೆ ಮಾತ್ರ ಬಣ್ಣ ಬೇಕಾಯಿತು. 2005ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆಯ ಜಪಾನ್ ವಿಭಾಗದಲ್ಲಿ ಈ ಚಿತ್ರಗಳನ್ನು ತೂಗುಹಾಕಿದಾಗ, ಆ ಅಮ್ಮನ ಮುಖವೂ ಗೊತ್ತಿಲ್ಲದ ಜನ ಅವುಗಳ ಮುಂದೆ ನಿಂತು ಅತ್ತರು. ಮುಂದೆ ಹಿರೋಶಿಮಾದಲ್ಲಿ ಬಾಂಬಿಗೆ ಸಿಕ್ಕವರ ಬಟ್ಟೆಗಳನ್ನೂ ಅವರು ಇದೇ ಕಣ್ಣಿನಿಂದ ನೋಡಿದರು. ಈ ಚಿತ್ರಗಳಲ್ಲಿ 'ನನ್ನಮ್ಮ ಒಳ್ಳೆಯವಳು' ಅಂತಲೂ ಇಲ್ಲ, 'ಹೀಗೆ ಮಾಡಿದಳು' ಅಂತಲೂ ಇಲ್ಲ. ಈ ಹೆಂಗಸು ಬದುಕಿದ್ದಳು, ಅವಳಿಗೂ ಒಂದು ಮೈ ಇತ್ತು, ಇಷ್ಟಪಟ್ಟ ಬಣ್ಣ ಇತ್ತು, ಅಷ್ಟೇ. ಜಗಳದ ಮಧ್ಯೆ ಮಗಳಿಗೆ ಕಾಣದೇ ಹೋಗುವುದು ಅದೇ.

ನಿಮ್ಮ ಅಮ್ಮ ಇದ್ದಾರೆ. ಹಾಗಾಗಿ ಒಂದು ಕಟ್ಟುಪಾಡು ನಿಮಗಿದೆ: ಅವರಿಲ್ಲದಾಗ ಬೀರು ತೆಗೆದು ಫೋಟೋ ತೆಗೆಯಬೇಡಿ. ಕೇಳಿ. 'ಅಮ್ಮ, ನಿನ್ನ ಸೀರೆಗಳ ಫೋಟೋ ತೆಗೀಬೇಕು, ಬೀರು ತೆಗೀತೀಯಾ?' ಯಾಕೆ ಅಂತ ಕೇಳುತ್ತಾರೆ, ಹುಚ್ಚಾ ನಿಂಗೆ ಅನ್ನುತ್ತಾರೆ, ಆಮೇಲೆ ತೆಗೆಯುತ್ತಾರೆ. ಒಂದೊಂದು ಸೀರೆಗೂ ಒಂದೊಂದು ಕಥೆ ತಾನಾಗಿ ಬರುತ್ತದೆ. ಯಾವುದು ಯಾರು ಕೊಟ್ಟಿದ್ದು, ಯಾವುದನ್ನು ಉಟ್ಟದ್ದೇ ಇಲ್ಲ, ಯಾವುದರ ಅಂಚು ಇಲಿ ಕಡಿಯಿತು. ಆಗ ಕ್ಯಾಮೆರಾ ಪಕ್ಕಕ್ಕಿಟ್ಟು ಕೇಳಿಸಿಕೊಳ್ಳಿ. ರಾತ್ರಿ ಆ ಮಾತುಗಳನ್ನು ಅವರು ಆಡಿದ ಹಾಗೇ ಬರೆದಿಟ್ಟುಕೊಳ್ಳಿ, ನಿಮ್ಮ ಭಾಷೆಗೆ ತಿದ್ದಬೇಡಿ. ನಿಮ್ಮ ಒಳ್ಳೆಯ ಕವಿತೆಗಳ ಅರ್ಧ ಅಲ್ಲಿಂದಲೇ ಬರುತ್ತದೆ.

ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ, ಅಮ್ಮನಿಗೆ ಚೆನ್ನಾಗಿ ಗೊತ್ತಿರುವ ಕೆಲಸ. ನಿಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿ ಹೆಚ್ಚುಕಡಿಮೆ ವರ್ಷ ಅಟ್ಟದಲ್ಲಿ ಕೂರಬೇಕು. ಒಣಗಿತೋ ಇಲ್ಲವೋ ನೋಡಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಅನ್ನುತ್ತದೆ. ನಿಮ್ಮ ಅಮ್ಮ ಇದನ್ನು ಎಷ್ಟು ಸಾವಿರ ಸಲ ಮಾಡಿದ್ದಾರೋ. 'ಹೇಗೆ ಗೊತ್ತಾಗುತ್ತೆ, ನಂಗೂ ತೋರಿಸು' ಅನ್ನಿ. ಕಣ್ಣು ಎಲ್ಲೋ ಇಟ್ಟು ಕಿವಿ ಕಾಯಿಗೆ ಕೊಟ್ಟಾಗ ಅವರ ಮುಖ ಹೇಗಿರುತ್ತದೆ ಅಂತ ನೋಡಿ. ಕೆಲಸದಲ್ಲಿದ್ದಾಗ ಅವರು ನಿಮ್ಮ ಅಮ್ಮ ಆಗಿರುವುದನ್ನು ಒಂದು ಗಳಿಗೆ ಮರೆತಿರುತ್ತಾರೆ, ನೀವೂ ಮರೆತಿರುತ್ತೀರಿ. ಆ ಫೋಟೋ ಬೇಕು ನಿಮಗೆ.

ಮುಖದ ಫೋಟೋ ತೆಗೆಯಲು ಹೋದರೆ ಅವರು 'ಇರು, ಬೇರೆ ಸೀರೆ ಉಟ್ಕೊಂಡು ಬರ್ತೀನಿ' ಅನ್ನುತ್ತಾರೆ. ಹೀಗೇ ಇರಲಿ ಅಂತ ಹಟ ಮಾಡಬೇಡಿ. ಉಟ್ಟು ಬರಲಿ, ಹೂ ಮುಡಿಯಲಿ, ಸ್ಟುಡಿಯೋದಲ್ಲಿ ನಿಂತ ಹಾಗೆ ಬಿಗಿಯಾಗಿ ನಿಲ್ಲಲಿ. ಮೊದಲ ಫೋಟೋ ಅವರದು, ಅವರು ಬಯಸಿದ ಹಾಗೇ ತೆಗೆಯಿರಿ. ಕೆಲವು ಆದ ಮೇಲೆ 'ಆಯ್ತಾ?' ಅಂತ ಭುಜ ಸಡಿಲ ಬಿಡುತ್ತಾರಲ್ಲ, ಅಲ್ಲಿಂದ ನಿಮ್ಮದು ಶುರು. ಮಲಗಿದ್ದಾಗ, ಅಳುತ್ತಿರುವಾಗ, ಸಿಟ್ಟಿನಲ್ಲಿ ಕೂಗುತ್ತಿರುವಾಗ ತೆಗೆಯಬೇಡಿ. ಚಿತ್ರ ಚೆನ್ನಾಗಿ ಬಂದೀತು, ಆದರೆ ನಂಬಿಕೆ ಹೋದರೆ ಮುಂದಿನದು ಸಿಗುವುದಿಲ್ಲ.

ಆಮೇಲೆ ಮೊಬೈಲನ್ನು ಅಮ್ಮನ ಕೈಗೆ ಕೊಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಬ್ರ್ಯಾಡಕ್ ಅನ್ನುವ ಉಕ್ಕಿನ ಊರಿನಲ್ಲಿ 1982ರಲ್ಲಿ ಹುಟ್ಟಿದ ಫೋಟೋಗ್ರಾಫರ್ ಲಟೋಯಾ ರೂಬಿ ಫ್ರೇಜರ್ ಬೆಳೆದದ್ದು ಅಜ್ಜಿಯ ಹತ್ತಿರ. ಅಮ್ಮನ ಜೊತೆ ನಂಟು ಕಷ್ಟದ್ದು. ಅಮ್ಮನ ಫೋಟೋ ತೆಗೆಯುತ್ತಾ ತೆಗೆಯುತ್ತಾ ಅವರು ಅಮ್ಮನನ್ನೂ ಕ್ಯಾಮೆರಾದ ಹಿಂದೆ ನಿಲ್ಲಿಸಿದರು, ಮಗಳನ್ನು ಅಮ್ಮ ತೆಗೆದ ಚಿತ್ರಗಳೂ ಆ ಕೆಲಸದಲ್ಲಿ ಸೇರಿದವು. 2014ರಲ್ಲಿ ಅದು ಪುಸ್ತಕವಾಗಿ ಬಂತು. 2008ರ ಒಂದು ಚಿತ್ರದಲ್ಲಿ ಅಮ್ಮನ ಪಕ್ಕಮುಖ ಮುಂದೆ, ಅದರ ಹಿಂದೆ ಮಗಳ ಅರ್ಧ ಮುಖ, ನೇರ ನಮ್ಮನ್ನು ನೋಡುತ್ತಾ. ಒಬ್ಬರು ಇನ್ನೊಬ್ಬರನ್ನು ಮರೆ ಮಾಡಿದ್ದಾರೆ, ಆದರೂ ಬೇರೆ ಮಾಡಲು ಆಗುವುದಿಲ್ಲ. ನಿಮ್ಮ ಅಮ್ಮ ತೆಗೆದ ಫೋಟೋದಲ್ಲಿ ನಿಮ್ಮ ತಲೆ ಕತ್ತರಿಸಿ ಹೋಗಬಹುದು, ಮೂಲೆಯಲ್ಲಿ ಅವರ ಬೆರಳು ಬರಬಹುದು. ಡಿಲೀಟ್ ಮಾಡಬೇಡಿ. ಆ ಬೆರಳೂ ಅವರದೇ ಅಲ್ವಾ.

ತಾಂತ್ರಿಕ ವಿಷಯ ಬೇಗ ಮುಗಿಸುತ್ತೇನೆ, ಮೊಬೈಲೇ ಸಾಕು. ಹಗಲು ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಅಥವಾ ಬೆಳಕಿಂಡಿಯ ಬೆಳಕಿನಲ್ಲಿ ತೆಗೆಯಿರಿ, ಎರಡು ಬೆಳಕು ಸೇರಿದರೆ ಚರ್ಮದ ಬಣ್ಣ ಕೆಡುತ್ತದೆ. ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ದೊಡ್ಡದಾಗುತ್ತದೆ, ಒಂದೆರಡು ಹೆಜ್ಜೆ ಹಿಂದೆ ಹೋಗಿ 2x ಝೂಮ್ ಇದ್ದರೆ ಅದನ್ನು ಬಳಸಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬೇಡ, ನಿಮ್ಮ ಕಥೆ ಅರ್ಧ ಹಿನ್ನೆಲೆಯಲ್ಲೇ ಇದೆ. ಹೊಳೆಯುವ ಪಾತ್ರೆ ತೆಗೆಯುವಾಗ ಪರದೆಯ ಮೇಲೆ ಒತ್ತಿ ಬೆಳಕನ್ನು ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕೆತ್ತಿದ ಅಕ್ಷರ ಬಿಳಿಚಿಕೊಂಡು ಹೋಗುತ್ತದೆ. ನಿಮ್ಮ ಕೊಳಗದ ಫೋಟೋವನ್ನು ಇನ್ನೊಮ್ಮೆ ತೆಗೆಯಿರಿ ಅಂತ ನನ್ನ ಸಲಹೆ. ಈ ಸಲ ಸ್ಟೀಲಿನಲ್ಲಿ ನಿಮ್ಮ ಪ್ರತಿಬಿಂಬ ಕಾಣುವ ಹಾಗೆ ನಿಲ್ಲಿ. ಹೆಸರೂ ನಿಮ್ಮದು, ಹೆಸರಿನ ಕೆಳಗೆ ಡೊಂಕಾಗಿ ಕಾಣುವ ಮುಖವೂ ನಿಮ್ಮದು.

ಹಳೇ ಆಲ್ಬಮ್ ಇದ್ದರೆ ಅದನ್ನೂ ನೋಡಿ, ಮುಖ್ಯವಾಗಿ ಅಮ್ಮ ಎಲ್ಲಿ ನಿಂತಿದ್ದಾರೆ ಅಂತ. ಎಷ್ಟೋ ಮನೆಗಳಲ್ಲಿ ಅಮ್ಮ ಫೋಟೋದ ಅಂಚಿನಲ್ಲಿರುತ್ತಾರೆ, ಮಗುವನ್ನು ಕ್ಯಾಮೆರಾ ಕಡೆ ತಿರುಗಿಸುವ ಒಂದು ಕೈಯಾಗಿ ಅಷ್ಟೇ. ಅಂಟಿಕೊಂಡ ಫೋಟೋಗಳನ್ನು ಕೀಳಬೇಡಿ, ಹರಿಯುತ್ತವೆ. ಆಲ್ಬಮ್ ಸಮೇತ ಕಿಟಕಿ ಪಕ್ಕ ನೆರಳಿನಲ್ಲಿಟ್ಟು ಮೇಲಿನಿಂದ ತೆಗೆಯಿರಿ.

ಇನ್ನು ಕವಿತೆ. ಸಿಬಿಎಸ್‌ಇ ಹನ್ನೆರಡನೇ ತರಗತಿ ಓದಿದವರಿಗೆ ಕವಿ ಕಮಲಾ ದಾಸ್ 66 ವರ್ಷದ ಅಮ್ಮನ ಬಗ್ಗೆ ಬರೆದ ಕವಿತೆ ನೆನಪಿರಬಹುದು. ಮಗಳು ಕಾರಿನಲ್ಲಿ ಕೊಚ್ಚಿ ಕಡೆ ಹೊರಟಿದ್ದಾಳೆ, ಪಕ್ಕದಲ್ಲಿ ಅಮ್ಮ ಬಾಯಿ ತೆರೆದು ತೂಕಡಿಸುತ್ತಿದ್ದಾಳೆ, ಮುಖ ಬೂದಿಯ ಹಾಗೆ. ಮಗಳಿಗೆ ಎದೆ ಧಸಕ್ಕೆನ್ನುತ್ತದೆ. ಕಿಟಕಿಯಾಚೆ ಓಡುವ ಮರಗಳನ್ನು ನೋಡುತ್ತಾಳೆ. ವಿಮಾನ ನಿಲ್ದಾಣದಲ್ಲಿ ಇನ್ನೊಮ್ಮೆ ತಿರುಗಿ ನೋಡುತ್ತಾಳೆ, ಮತ್ತೆ ಸಿಗೋಣ ಅನ್ನುವಷ್ಟು ಹೇಳಿ ನಗುತ್ತಾಳೆ. ಅಲ್ಲಿ ಜಗಳ ಇಲ್ಲ, ಭಯ ಇದೆ. ಆದರೆ ಒಳಗೆ ಅಷ್ಟೆಲ್ಲ ಇದ್ದು ಬಾಯಿಗೆ ಬರುವುದು ಅಷ್ಟೇ ಅಲ್ವಾ. ನಿಮ್ಮ 'ಊಟ ಆಯ್ತಾ'ಕ್ಕೂ ಅದೇ ಶಕ್ತಿ ಇದೆ. ಅದನ್ನು ಖಾಲಿ ಮಾತು ಅಂತ ಬೈದು ಬರೆದಿದ್ದೀರಿ ಒಂದು ಕಡೆ. ನನಗೆ ಹಾಗೆ ಅನ್ನಿಸಲಿಲ್ಲ. ಆ ಹೊತ್ತಿಗೆ ನಿಮ್ಮಮ್ಮ ಏನು ಮಾಡುತ್ತಿದ್ದರು, ನೀವು ನಿಜವಾಗಿ ಏನು ತಿಂದಿದ್ದಿರಿ, 'ಆಯ್ತು' ಅಂದದ್ದು ಸುಳ್ಳಾ, ಇಷ್ಟನ್ನು ಬರೆಯಿರಿ.

ನೋವು, ಮೌನ, ಗೋಡೆ, ಕಂದಕ, ಇವನ್ನೆಲ್ಲ ಒಂದು ಸಲ ಹುಡುಕಿ ಹೊಡೆದುಹಾಕಿ. ಅವು ಹೋದ ಮೇಲೆ ಕವಿತೆಯಲ್ಲಿ ಏನೂ ಉಳಿಯಲಿಲ್ಲ ಅಂದರೆ ಅದನ್ನು ಇನ್ನೂ ಬರೆದಿಲ್ಲ ಅಂತ ಅರ್ಥ. ಒಂದು ಕವಿತೆಯನ್ನಾದರೂ ಅಮ್ಮನ ಬಾಯಲ್ಲಿ ಬರೆಯಿರಿ, 'ನಾನು' ಅಂದರೆ ಅವರು. ಪಾತ್ರೆ ಅಂಗಡಿಯಲ್ಲಿ ನಿಂತು ನಿಮ್ಮ ಹೆಸರಿನ ಅಕ್ಷರ ಹೇಳುತ್ತಿರುವ ಅಮ್ಮ. ಅಂಗಡಿಯವನು ಕೇಳುತ್ತಾನೆ, 'ಮದುವೆ ಯಾವಾಗಮ್ಮ?' ಅವರು ಏನಂದಿರಬಹುದು? ಇದನ್ನು ಬರೆಯುವಾಗ ನಿಮಗೆ ಅಳು ಬರಬಹುದು, ಸಿಟ್ಟು ಇನ್ನೂ ಜಾಸ್ತಿಯಾಗಲೂಬಹುದು. ಎರಡೂ ಸರಿ. ಆ ಕವಿತೆಯಲ್ಲಿ ಅಮ್ಮನ ಕೈಲಿ ನಿಮ್ಮ ಕ್ಷಮೆ ಮಾತ್ರ ಕೇಳಿಸಬೇಡಿ. ನಿಮಗೆ ಬೇಕಾದ ಮಾತನ್ನು ಅವರ ಬಾಯಿಗೆ ತುರುಕಿದ ಹಾಗಾಗುತ್ತದೆ.

ಜೋಡಿಸುವುದು ಹೇಗೆ ಅನ್ನುವುದೇ ಈ ಕೆಲಸದ ಕಷ್ಟದ ಭಾಗ. ಜಾಸ್ತಿ ಜನ ಪಾತ್ರೆಯ ಫೋಟೋ ಪಕ್ಕ ಪಾತ್ರೆಯ ಕವಿತೆ ಇಡುತ್ತಾರೆ. ಆಗ ಫೋಟೋ ಬರೀ ಅಲಂಕಾರ, ಕವಿತೆ ಬರೀ ವಿವರಣೆ. ನಾನಾದರೆ ಆ ಕೊಳಗದ ಎದುರಿಗೆ ಕುಕ್ಕರ್ ಕೂಗುವ ಮೂರು ಸಾಲು ಇಡುತ್ತೇನೆ. ಎರಡಕ್ಕೂ ನೇರ ಸಂಬಂಧ ಇಲ್ಲ. ಆದರೆ ಓದುವವರು ಅಟ್ಟದಿಂದ ಅಡುಗೆಮನೆಗೆ, ಅಲ್ಲಿಂದ ಪುಣೆಯ ನಿಮ್ಮ ರೂಮಿಗೆ ತಾವೇ ನಡೆದು ಬರುತ್ತಾರೆ, ಮದುವೆ ಬೇಡ ಅಂದ ಮಗಳಿಗೆ ತಂದಿಟ್ಟ ಪಾತ್ರೆಯಲ್ಲಿ ಯಾರೂ ಅಡುಗೆ ಮಾಡಿಲ್ಲ ಅನ್ನುವುದು ಅವರಿಗೇ ಹೊಳೆಯುತ್ತದೆ. ಫೋಟೋಗೆ ಶಬ್ದ ಇಲ್ಲ, ನಿನ್ನೆ ಮೊನ್ನೆ ಇಲ್ಲ. ಅವನ್ನು ಕವಿತೆಗೆ ಬಿಡಿ. ಕವಿತೆಯಲ್ಲಿ ಸ್ಟೀಲು ಹೊಳೆಯಿತು ಅಂತ ಬಣ್ಣಿಸುವ ಕಷ್ಟ ಬೇಡ, ಅದನ್ನು ಫೋಟೋ ನೋಡಿಕೊಳ್ಳುತ್ತದೆ. ಎಲ್ಲವನ್ನೂ 4x6 ಅಳತೆಗೆ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ, ಕವಿತೆಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಅದಲುಬದಲು ಮಾಡುತ್ತಾ ಕೂರಿ. ಪರದೆಯ ಮೇಲೆ ಇದು ಆಗುವುದಿಲ್ಲ. ಕೆಲವು ಫೋಟೋಗಳಿಗೆ ಕವಿತೆಯೇ ಬೇಡ ಅನ್ನಿಸುತ್ತದೆ, ಹಾಗೇ ಬಿಡಿ.

ಒಂದು ಮಾತು ಗಂಭೀರವಾಗಿ. ಇದು ಕಲೆ, ಚಿಕಿತ್ಸೆ ಅಲ್ಲ. ಬರೆಯುತ್ತಾ ಹೋದ ಹಾಗೆ ಹಳೆಯದೇನಾದರೂ ಮೇಲೆ ಬಂದು ನಿದ್ದೆ ಹೋಗುವುದು, ಕೆಲಸಕ್ಕೆ ಹೋಗಲು ಆಗದಿರುವುದು, ಹೀಗೇನಾದರೂ ಆದರೆ ನಿಲ್ಲಿಸಿ, ಆಪ್ತಸಲಹೆಗಾರರ ಹತ್ತಿರ ಮಾತಾಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಹೊಡೆತ, ಹಿಂಸೆ ನಡೆದಿರುವ ಮನೆಯಾದರೆ ಅಮ್ಮನ ಹತ್ತಿರ ಹೋಗಿ, ಕೇಳಿ, ಕ್ಯಾಮೆರಾ ಕೊಡಿ ಅಂತ ನಾನು ಹೇಳಿದ ಯಾವುದೂ ಕಡ್ಡಾಯ ಅಲ್ಲ. ದೂರದಿಂದ, ಬರೀ ವಸ್ತುಗಳಿಂದ, ಬರೀ ನೆನಪಿನಿಂದಲೂ ಈ ಕೆಲಸ ಆಗುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ, ಆದರೆ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಹೇಳಿದೆ.

ತೋರಿಸಬೇಕಾ ಅಂದಿರಿ. ಮಾಡುವುದು ಬೇರೆ, ತೋರಿಸುವುದು ಬೇರೆ. ಮಾಡುವಾಗ ಯಾರನ್ನೂ ನೆನೆಯಬೇಡಿ, ಅಮ್ಮನನ್ನೂ. ಆದರೆ ಊರಿಗೆಲ್ಲ ತೋರಿಸುವ ಮುಂಚೆ ಅಮ್ಮ ನೋಡಿರಬೇಕು, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಇನ್‌ಸ್ಟಾಗ್ರಾಮಿಗೆ ಹಾಕಿದ್ದು ಮನೆಯ ವಾಟ್ಸಾಪ್ ಗುಂಪಿಗೆ ಬರಲು ಒಂದು ದಿನ ಸಾಕು. ಮದುವೆ ಆಗದ ಮಗಳ ಬಗ್ಗೆ ನೆಂಟರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಬಂದಿರುವುದು ಪುಣೆಯಲ್ಲಿರುವ ನೀವಲ್ಲ, ಊರಿನಲ್ಲಿರುವ ಅವರು. ಪಾತ್ರೆಯ ಫೋಟೋ ಅವರಿಗೆ ಅವಮಾನ ಅನ್ನಿಸಬಹುದು. ಬೇಡ ಅಂದರೆ ಅದನ್ನು ಹೊರಗೆ ಹಾಕಬೇಡಿ. ನಿಮ್ಮ ಹತ್ತಿರ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ದೀಪಾವಳಿಗೆ ಊರಿಗೆ ಹೋಗುತ್ತೇನೆ ಅಂತ ಬರೆದಿದ್ದೀರಲ್ಲ. ಅಷ್ಟರಲ್ಲಿ ಎಲ್ಲ ಮುಗಿಸುವ ಆತುರ ಬೇಡ, ನಾಲ್ಕೈದು ಪ್ರಿಂಟ್ ಮಾತ್ರ ತೆಗೆದುಕೊಂಡು ಹೋಗಿ. ಕವಿತೆಗಳನ್ನು ಮೊಬೈಲಿನಲ್ಲಿ ತೋರಿಸಬೇಡಿ, ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಕೊಡಿ, ಕನ್ನಡಕ ಹುಡುಕುವ ನೆಪದಲ್ಲಿ ಅವರು ಎದ್ದು ಹೋಗುವ ಹಾಗಾಗಬಾರದು. ಓದುವಾಗ ಎದುರಿಗೆ ಕೂತು ಮುಖ ನೋಡಬೇಡಿ, ಬೇರೇನಾದರೂ ಕೆಲಸ ಮಾಡಿಕೊಳ್ಳುತ್ತಿರಿ. ಅವರು ಏನೂ ಹೇಳದೇ ಇರಬಹುದು. 'ಈ ಫೋಟೋದಲ್ಲಿ ಅಟ್ಟ ಎಷ್ಟು ಗಲೀಜು ಕಾಣ್ತಿದೆ' ಅಂತ ಅಷ್ಟೇ ಅನ್ನಬಹುದು. ಹಾಗಂದರೆ, ಅದನ್ನೂ ಬರೆದಿಟ್ಟುಕೊಳ್ಳಿ.